ಮಗಳು ತೋರಿಸಿದ ಮಠಗಳು

ನನ್ನ ತಂಗಿ ಆಗ್ಲಾಯಾ ಈ ಸಲ ಇಟಲಿಯಿಂದ ಬಂದವಳು ಸೂಟ್‌ಕೇಸ್ ಒಳಗೆ ತರುವ ಮೊದಲೇ ಹೇಳಿದಳು: “ಅಕ್ಕಾ, ನಾನು ಮಠಗಳನ್ನ ನೋಡ್ಬೇಕು. ಇಲಿಂಕಾನೇ ತೋರಿಸ್ಬೇಕು.”

ಇಲಿಂಕಾ ಅವಳ ಮಗಳು. ಸುಚಾವಾ ಪಟ್ಟಣದಲ್ಲಿ ಪ್ರವಾಸಿಗರಿಗೆ ಗೈಡ್ ಆಗಿದ್ದಾಳೆ. ನಮ್ಮ ಬುಕೊವಿನಾ ಸೀಮೆಯ ಹಳೆಯ ಕ್ರೈಸ್ತ ಮಠಗಳ ಹೊರಗೋಡೆಗಳ ಮೇಲೆ ನೆಲದಿಂದ ಸೂರಿನವರೆಗೆ ಸಂತರು, ದೇವದೂತರು, ದೆವ್ವಗಳ ಚಿತ್ರಗಳು ತುಂಬಿಕೊಂಡಿವೆ. ಅವುಗಳನ್ನು ತೋರಿಸಿ ವಿವರಿಸುವುದೇ ಅವಳ ಕೆಲಸ. ಆಗ್ಲಾಯಾ ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವಳಲ್ಲ. ಗಂಡ ಬಿಟ್ಟುಹೋದ ಮೇಲೆ, ಮಗಳಿಗೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ, ಅವಳು ಇಟಲಿಯ ಪಾದೊವಾಕ್ಕೆ ಹೋದಳು. ಅಲ್ಲಿಯ ಮುದುಕಿಯರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ಅವರು ಸತ್ತರೆ ಇನ್ನೊಬ್ಬರ ಮನೆಗೆ ಹೋಗುವುದು. ಎರಡು ವರ್ಷ ಎಂದು ಹೋದವಳು ಹದಿನೆಂಟು ವರ್ಷ ಅಲ್ಲೇ ಉಳಿದಳು. ಮಗುವನ್ನು ನಾನು ಸಾಕಿದೆ.

ಪಾದೊವಾದ ಅಡುಗೆಮನೆಯಲ್ಲಿ ವೊರೊನೆತ್ಸ್ ಮಠದ ನೀಲಿ ಗೋಡೆಯ ಚಿತ್ರ ಅಂಟಿಸಿಕೊಂಡಿದ್ದಳಂತೆ. ಬಂದವರಿಗೆಲ್ಲ “ಇದನ್ನ ನನ್ನ ಮಗಳು ವಿವರಿಸ್ತಾಳೆ” ಎನ್ನುತ್ತಿದ್ದಳಂತೆ.

ನಾನು ಇಲಿಂಕಾಗೆ ಫೋನ್ ಮಾಡಿದೆ. ಅವಳು, “ಶನಿವಾರ ವ್ಯಾನಲ್ಲಿ ಎರಡು ಸೀಟು ಖಾಲಿ ಇದೆ ದೊಡ್ಡಮ್ಮ. ಬರ್ಲಿ. ನೀನೂ ಬಾ. ನಾನೊಬ್ಬಳೇ ಅವರ ಜೊತೆ ಇರಲ್ಲ” ಎಂದಳು.

ಶನಿವಾರ ಆಗ್ಲಾಯಾ ತಲೆಗೂದಲಿಗೆ ಬಣ್ಣ ಹಚ್ಚಿಕೊಂಡು, ಹೊಸ ಕೋಟು ತೊಟ್ಟು ಬಂದಳು. ವ್ಯಾನಿನಲ್ಲಿ ಕ್ಲುಜ್ ಕಡೆಯವರು, ಕಡಲತೀರದ ಕೊನ್‌ಸ್ತಾಂತ್ಸಾದವರು ಇದ್ದರು. ಪಕ್ಕದಲ್ಲಿದ್ದ ಕ್ಲುಜ್‌ನ ಹೆಂಗಸು ಮಾತಿಗೆಳೆದಾಗ ನನ್ನ ತಂಗಿ, “ಗೈಡ್ ಇದಾಳಲ್ಲ, ನನ್ನ ಮಗಳು” ಎಂದಳು.

ಆ ಹೆಂಗಸು ತಮಾಷೆ ಎಂದುಕೊಂಡು ನಕ್ಕಳು. “ಹಾಗಾದ್ರೆ ನಿಮಗೆ ಟಿಕೆಟ್ಟು ಬಿಟ್ಟಿ ಬಿಡ್ರೀ. ನಾವೇ ದಡ್ಡರು, ದುಡ್ಡು ಕೊಟ್ಟು ಬಂದಿದೀವಿ.”

ಮುಂದೆ ಕೂತಿದ್ದ ಇಲಿಂಕಾಗೆ ಅದು ಕೇಳಿಸಿತು. ಅವಳು ಮೈಕು ಎತ್ತಿಕೊಂಡು, ಎಡಗಡೆ ಕಾಣುವ ಬೆಟ್ಟದ ಹೆಸರು ಹೇಳಿದಳು.

ವೊರೊನೆತ್ಸ್‌ನಲ್ಲಿ ಪಶ್ಚಿಮದ ಗೋಡೆಯ ತುಂಬ ಕಡೆಯ ದಿನದ ನ್ಯಾಯತೀರ್ಪಿನ ಚಿತ್ರ. ದೇವರ ಪಾದದಿಂದ ಕೆಂಪು ಬೆಂಕಿಯ ಹೊಳೆ ಹರಿದು ಪಾಪಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಇಲಿಂಕಾ ಕೈಯೆತ್ತಿ ಒಂದೊಂದನ್ನೇ ತೋರಿಸುತ್ತ ಹೋದಳು. ಎಲ್ಲರೂ ಗೋಡೆ ನೋಡುತ್ತಿದ್ದರು. ಆಗ್ಲಾಯಾ ಮಾತ್ರ ಆ ಕೈ ನೋಡುತ್ತಿದ್ದಳು. ಬೆರಳಲ್ಲಿ ಮದುವೆಯ ಉಂಗುರವಿತ್ತು. ಇಲಿಂಕಾ ಅದನ್ನು ಮುಚ್ಚಿಡಲೂ ಇಲ್ಲ, ತೋರಿಸಲೂ ಇಲ್ಲ. ತಂಗಿ ತಿರುಗಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಜನ ಮುಂದೆ ಸರಿದ ಮೇಲೆ ಅವಳು ಗೋಡೆಯ ಹತ್ತಿರ ಹೋಗಿ, ನೀಲಿಯ ಮೇಲೆ ಅಂಗೈ ಇಟ್ಟು ನಿಂತುಕೊಂಡಳು.

“ದಯವಿಟ್ಟು ಗೋಡೆ ಮುಟ್ಟಬೇಡಿ ಮೇಡಂ,” ಎಂದಳು ಇಲಿಂಕಾ. ದನಿಯಲ್ಲಿ ಸಿಟ್ಟಿರಲಿಲ್ಲ. ಯಾರಿಗಾದರೂ ಹಾಗೇ ಹೇಳುತ್ತಿದ್ದಳು. ಆಗ್ಲಾಯಾ ಬಿಸಿ ತಗುಲಿದವಳ ಹಾಗೆ ಕೈ ಎಳೆದುಕೊಂಡಳು.

ಮೊಲ್ದೊವಿತ್ಸಾದ ಮಠ ಮುಗಿಸಿ ದಾರಿಯ ಹೋಟೆಲೊಂದರಲ್ಲಿ ಊಟಕ್ಕೆ ಇಳಿದೆವು. ನಾವು ಮೂವರೂ ಒಂದೇ ಮೇಜಿಗೆ ಕೂತೆವು. ಕೋಸಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾಲೆ ಬಂತು. ತಂಗಿ ತನ್ನ ತಟ್ಟೆಯಿಂದ ಎರಡು ಎತ್ತಿ ಮಗಳ ತಟ್ಟೆಗೆ ಹಾಕಿದಳು.

“ತಿನ್ನು. ನಿಂಗೆ ಪ್ರಾಣ ಅಲ್ವಾ ಇದು.”

“ನಾನು ಮಾಂಸ ತಿನ್ನಲ್ಲ.”

“ಯಾವಾಗಿಂದ?”

“ಹೈಸ್ಕೂಲಿಂದ.”

ಆಗ್ಲಾಯಾ ಫೋರ್ಕಿನಿಂದ ಅವನ್ನು ವಾಪಸು ತೆಗೆದುಕೊಳ್ಳಲು ಹೋದಳು. ಒಂದು ಬಿಚ್ಚಿಕೊಂಡು ಮೇಜಿನ ಮೇಲೆ ಚೆಲ್ಲಿತು. ಕಾಗದದಿಂದ ಒರೆಸುತ್ತಲೇ, ತಲೆ ಎತ್ತದೆ ಕೇಳಿದಳು: “ಯಾರು ಹುಡುಗ?”

“ಸಾಂಡು ಅಂತ. ಅರಣ್ಯ ಇಲಾಖೇಲಿದಾನೆ. ಒಳ್ಳೆಯವನು. ಏಪ್ರಿಲ್‌ನಲ್ಲಿ ಆಯ್ತು.”

“ನಂಗೆ ಒಂದು ಮಾತು ಹೇಳ್ಲಿಲ್ಲ ನೀನು.”

“ಹೇಳಿದ್ರೆ ಬಂದುಬಿಡ್ತಿದ್ರಿ,” ಎಂದಳು ಇಲಿಂಕಾ.

ಆಗ್ಲಾಯಾ ಬಹಳ ಹೊತ್ತು ಒರೆಸಿದ ಜಾಗವನ್ನೇ ಒರೆಸಿದಳು.

“ತಾಯಿ ಜಾಗದಲ್ಲಿ ಯಾರು ನಿಂತ್ರು? ಅಕ್ಕಾ, ನೀನಾ?”

“ನಾನೇ ಕಣೇ,” ಎಂದೆ.

“ಒಳ್ಳೇದಾಯ್ತು,” ಎಂದಳು. “ಬೇರೆಯವರು ಯಾರಾದ್ರೂ ನಿಂತಿದ್ರೆ ಸಂಕಟ ಆಗ್ತಿತ್ತು.”

ಅಷ್ಟಾದರೂ ಅವಳು ಸೋಲೊಪ್ಪಲಿಲ್ಲ. ಸುಚೆವಿತ್ಸಾದಲ್ಲಿ, ಸ್ವರ್ಗದ ಏಣಿಯ ಚಿತ್ರದ ಮುಂದೆ, ವಿವರಣೆ ಮುಗಿದು ಜನ ಫೋಟೋ ತೆಗೆಯಲು ಚದುರಿದಾಗ, ಮಗಳನ್ನು ಹಿಡಿದು ನಿಲ್ಲಿಸಿದಳು. ನಾನು ಪಕ್ಕದ ಬೆಂಚಿನ ಮೇಲಿದ್ದೆ.

“ಇಲಿಂಕಾ, ನಾನು ವಾಪಸು ಹೋಗಲ್ಲ. ನಾನು ನೋಡ್ಕೊಳ್ತಿದ್ದ ಅಜ್ಜಿ ತೀರಿಕೊಂಡ್ಳು. ಇನ್ನೊಂದು ಮನೆ ಒಪ್ಪಿಕೊಳ್ಳಲ್ಲ ಅಂತ ಹೇಳಿಯೇ ಬಂದಿದೀನಿ. ಸುಚಾವಾದಲ್ಲಿ ಒಂದು ಸಣ್ಣ ಮನೆ ಹಿಡೀತೀನಿ. ನಿಂಗೇನೂ ತೊಂದರೆ ಕೊಡಲ್ಲ. ಭಾನುವಾರ ಬಂದು ಒಂದು ಕಾಫಿ ಕುಡಿದು ಹೋದ್ರೆ ಸಾಕು.”

“ಇರಿ. ನಿಮ್ಮೂರು, ಯಾರು ಬೇಡ ಅಂತಾರೆ. ಆದ್ರೆ ನನಗೋಸ್ಕರ ಇರ್ಬೇಡಿ.”

“ಬೈದುಬಿಡು ನನ್ನ. ಮನಸ್ಸಲ್ಲಿರೋದನ್ನೆಲ್ಲ ಬೈದುಬಿಡು.”

“ಬೈಯೋಕೆ ಏನೂ ಇಲ್ಲ. ಚಿಕ್ಕವಳಿದ್ದಾಗ ಇತ್ತು. ಆಗಸ್ಟಲ್ಲಿ ಬರ್ತೀನಿ ಅಂದ್ರೆ ದೊಡ್ಡಮ್ಮನ ಹತ್ರ ಜಡೆ ಹಾಕಿಸಿಕೊಂಡು ಬೇಲಿ ಹತ್ರ ಕೂತಿರ್ತಿದ್ದೆ. ಒಂದೊಂದು ಸಲ ಬರ್ತಿದ್ರಿ, ಒಂದೊಂದು ಸಲ ಇಲ್ಲ. ಆಮೇಲೆ ಯಾವಾಗಲೋ ಕಾಯೋದು ನಿಂತುಹೋಯ್ತು. ಯಾವಾಗ ಅಂತ ನನಗೂ ಗೊತ್ತಿಲ್ಲ. ನೀವು ಕೆಟ್ಟವರಲ್ಲ. ನಿಮ್ಮನ್ನ ನೋಡಿದ್ರೆ ಪಾಪ ಅನ್ಸತ್ತೆ. ಈ ವ್ಯಾನಲ್ಲಿ ಬರೋ ವಯಸ್ಸಾದವರನ್ನ ನೋಡಿದ್ರೂ ಹಾಗೇ ಅನ್ಸತ್ತೆ.”

ಕ್ಲುಜ್‌ನ ಹೆಂಗಸು ಬಂದು ಶೌಚಾಲಯ ಎಲ್ಲಿದೆ ಎಂದು ಕೇಳಿದಳು. ಇಲಿಂಕಾ ಅವಳನ್ನು ಕರೆದುಕೊಂಡು ಹೋದಳು.

ನಾನು ಎದ್ದು ತಂಗಿಯ ಭುಜ ಹಿಡಿದೆ. ಅವಳು ಅಳಲಿಲ್ಲ. ಏಣಿಯನ್ನು ತಲೆಯೆತ್ತಿ ನೋಡುತ್ತಿದ್ದಳು. ಮೆಟ್ಟಿಲು ಮೆಟ್ಟಿಲಲ್ಲೂ ಜನ ಜಾರಿ ಬೀಳುತ್ತಿದ್ದರು. ಕೆಳಗೆ ದೆವ್ವಗಳು ಕಾಲು ಹಿಡಿದು ಜಗ್ಗುತ್ತಿದ್ದವು.

“ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಲ್ವಾ ಅಕ್ಕಾ,” ಎಂದಳು. “ಒಂದು ಕಡೆನೂ ತಡವರಿಸಲ್ಲ.”

ಹಿಂತಿರುಗುವಾಗ ಕತ್ತಲಾಗುತ್ತಿತ್ತು. ಸುಚಾವಾ ತಲುಪಿದ ಮೇಲೆ ಇಲಿಂಕಾ ವ್ಯಾನಿನ ಬಾಗಿಲಲ್ಲಿ ನಿಂತು ಇಳಿಯುವವರಿಗೆಲ್ಲ ಕೈ ಕುಲುಕಿದಳು. ತಾಯಿಯ ಕೈಯನ್ನೂ ಕುಲುಕಿ, “ಸುಸ್ತಾಗಿರ್ಬೇಕು. ಹುಷಾರಾಗಿ ಹೋಗಿ” ಎಂದಳು. ಆಗ್ಲಾಯಾ ಆ ಕೈಯನ್ನು ಬಿಡದೆ ಹಿಡಿದುಕೊಂಡಳು. ಹಿಂದಿನವರು ಇಳಿಯಲು ಕಾಯುತ್ತಿದ್ದರು. ಕೊನೆಗೆ ನಾನೇ ಅವಳನ್ನು ಪಕ್ಕಕ್ಕೆ ಕರೆದುಕೊಂಡೆ.

ಮನೆ ಹುಡುಕುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಕೆಲವು ದಿನ ನನ್ನ ಹಿತ್ತಲಲ್ಲಿ ಆಲೂಗಡ್ಡೆ ಅಗೆದಳು, ಬಾವಿಯ ಕಟ್ಟೆಗೆ ಸುಣ್ಣ ಹೊಡೆದಳು. ಆಮೇಲೆ ಪಾದೊವಾಕ್ಕೆ ಫೋನ್ ಮಾಡಿ, ಲಕ್ವ ಹೊಡೆದ ಒಬ್ಬ ಮುದುಕನ ಮನೆ ಒಪ್ಪಿಕೊಂಡಳು. ಬಸ್ ಹತ್ತಿಸಲು ನಾನೊಬ್ಬಳೇ ಹೋಗಿದ್ದೆ. ಅಂದು ಇಲಿಂಕಾಗೆ ಪ್ರವಾಸವೇನೂ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಆಗ್ಲಾಯಾ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಳಿಗಾಲದಲ್ಲಿ ಇಲಿಂಕಾ ಬಂದು, ಒಲೆಯ ಹತ್ತಿರ ಕೂತು, ತಾನು ಬಸುರಿ ಎಂದಳು. ಅವಳ ಮುಖ ಅರಳಿತ್ತು. ಹೊರಡುವಾಗ ಹೊಸಿಲಲ್ಲಿ ನಿಂತು, “ಅವರಿಗೆ ಹೇಳ್ಬೇಡ ದೊಡ್ಡಮ್ಮ” ಎಂದಳು.

“ಅಜ್ಜಿ ಆಗ್ತಿದಾಳೆ ಕಣೇ ಅವಳು.”

“ನೀನಿದೀಯಲ್ಲ,” ಎಂದು ನನ್ನ ಕೆನ್ನೆಗೆ ಮುತ್ತಿಟ್ಟು ಹೋದಳು.

ಆಗ್ಲಾಯಾ ಈಗಲೂ ಫೋನ್ ಮಾಡುತ್ತಾಳೆ. ಹಿಮ ಬಿತ್ತಾ, ಕೋಳಿ ಮೊಟ್ಟೆ ಇಡ್ತಿದೆಯಾ ಎಂದು ಕೇಳುತ್ತಾಳೆ. ಹಿಂದಿನಿಂದ ಆ ಮುದುಕ ಅವಳನ್ನು ಕೂಗುವುದು ಕೇಳಿಸುತ್ತದೆ. ಹಿಮ ಬಿದ್ದಿದೆ ಕಣೇ, ಮೊಣಕಾಲುದ್ದ ಬಿದ್ದಿದೆ ಎನ್ನುತ್ತೇನೆ.