ನಾಲ್ಕನೇ ಸಿಗ್ನಲ್

ತೊಂಬತ್ತು, ಎಂಬತ್ತೊಂಬತ್ತು, ಈ ಕೆಂಪು ಅಂಕಿಗಳು ಇಷ್ಟು ನಿಧಾನಕ್ಕೆ ಇಳಿಯುವುದು ನಾನು ನಿಂತಾಗ ಮಾತ್ರವಾ, ಎಡಕ್ಕೆ ಫುಟ್‌ಪಾತಿನ ಅಂಚು ಎಲ್ಲಿ, ಅದು ಇರಬೇಕಾದ ಕಡೆ ನೀರಿನ ಟ್ಯಾಂಕರ್ ನಿಂತಿದೆ, ಡ್ರೈವರ್ ಇಲ್ಲ, ನಲ್ಲಿ ತೊಟ್ಟಿಕ್ಕುತ್ತಿದೆ — ಅಂಚಿನ ಕಲ್ಲು ಸಿಕ್ಕಿದ್ದರೆ ಎಡಗಾಲು ಊರಿ ರಾಣಿಯ ಹಾಗೆ ನಿಲ್ಲುತ್ತಿದ್ದೆ, ಹಿಂದಿನ ಮೂರು ಸಿಗ್ನಲ್ಲಿನಲ್ಲೂ ಹಾಗೇ ನಿಂತೆ, ಈಗ ಬೂಟಿನ ತುದಿಯಷ್ಟೇ ನೆಲದ ಮೇಲೆ, ಅದೂ ಒದ್ದೆ ಟಾರು, ನೂರ ತೊಂಬತ್ತು ಕಿಲೋ ಬೈಕು ಎರಡು ಕಾಲ್ಬೆರಳ ಮೇಲೆ. ಬೀಳಬಾರದು. ನಾಲ್ಕು ಸಿಗ್ನಲ್ ಬೀಳದೆ ದಾಟಿದರೆ ಅಕ್ಕನಿಗೆ ಫೋನ್ ಮಾಡಿ ಬೇಡ ಅನ್ನುವುದು, ಬಿದ್ದರೆ ಬಾಯಿ ಮುಚ್ಚಿಕೊಂಡು ಶೋರೂಮಿಗೆ ಹೋಗಿ ಇದನ್ನು ಕೊಟ್ಟು ಸ್ಕೂಟರ್ ತರುವುದು, ಬೆಳಿಗ್ಗೆ ಹಲ್ಲುಜ್ಜುವಾಗ ನನಗೆ ನಾನೇ ಕಟ್ಟಿಕೊಂಡ ಪಣ, ಇದು ನಾಲ್ಕನೆಯದು, ಅಕ್ಕ ಆಗಲೇ ಅಲ್ಲಿ ಸೋಫಾದ ಮೇಲೆ ಕೂತು ಬಣ್ಣ ಆರಿಸಿರುತ್ತಾಳೆ, ಕೊಳೆ ಕಾಣದ ಬಣ್ಣ. ಗಾಡಿ ಅಂದ್ರೆ ಕಾಲು ನೆಲಕ್ಕೆ ಊರ್ಬೇಕು ಕಣೇ, ಮುಂದೆ ಒಂದು ಚೀಲ ಇಡೋಕಾಗ್ಬೇಕು, ಹಿಂದೆ ಒಬ್ರು ಕೂರೋಕಾಗ್ಬೇಕು. ಹಿಂದೆ ಯಾರು ಕೂರೋದು ಅಕ್ಕಾ ಅಂದೆ. ಭಾವ ಟಿವಿಯ ಸದ್ದು ಜಾಸ್ತಿ ಮಾಡಿದರು. ಎಪ್ಪತ್ತೆರಡು. ಕೊಳ್ಳುವಾಗ ನಾನು ನೋಡಿದ್ದು ಫೋಟೋ, ಪಕ್ಕದಿಂದ ತೆಗೆದದ್ದು, ಅಂಥ ಫೋಟೋಗಳಲ್ಲಿ ಬೈಕಿನ ಮೇಲೆ ಯಾರೂ ಇರುವುದಿಲ್ಲ, ಕೆಳಗೆ ಸೀಟಿನ ಎತ್ತರ ಬರೆದಿತ್ತು, ಓದಿದೆ, ಲ್ಯಾಬಿನಲ್ಲಿ ದಿನಕ್ಕೆ ಅರವತ್ತು ಜನರ ರಕ್ತ ತೆಗೆಯುವವಳು, ಟ್ಯೂಬಿನ ಗೆರೆಗಿಂತ ಒಂದು ಹನಿ ಕಡಿಮೆಯಾದರೂ ಇನ್ನೊಮ್ಮೆ ಚುಚ್ಚುವವಳು, ಆ ಅಂಕಿ ಓದಿ ಆಗುತ್ತೆ ಬಿಡು ಅಂದುಕೊಂಡೆ. ಶೋರೂಮಿನಲ್ಲಿ ಸ್ಟ್ಯಾಂಡ್ ಹಾಕಿಯೇ ಕೂರಿಸಿದರು, ಸ್ಟ್ಯಾಂಡಿನ ಮೇಲೆ ಎಲ್ಲರೂ ಸವಾರರೇ. ಆಮೇಲೆ ಎಡಬೂಟಿಗೆ ಎರಡು ಪದರ ಅಟ್ಟೆ ಹೊಡೆಸಿದ್ದು, ಒಂದೇ ಕಾಲಿಗಾ ಮೇಡಂ, ಹುಟ್ಟಿದಾಗಿಂದಾನಾ ಅಂತ ಚಪ್ಪಲಿ ರಿಪೇರಿಯವನು ಪಾಪ ದನಿ ಇಳಿಸಿ ಕೇಳಿದ, ಇಲ್ಲಪ್ಪ, ಆರು ತಿಂಗಳಿಂದ ಅಂದೆ. ಹತ್ತಿದರೆ ಸ್ಟೈಲು, ಇಳಿದರೆ ಕುಂಟು.

ಅರವತ್ತೆರಡು, ಮೀನಖಂಡ ನಡುಗುತ್ತಿದೆ — ಸೀಟಿನ ಸ್ಪಂಜು ಕೊಯ್ದು ಎರಡಿಂಚು ಇಳಿಸ್ತೀನಿ ಅಂದಿದ್ದ ಮೆಕ್ಯಾನಿಕ್, ಬೇಡ ಮೇಡಂ, ಲುಕ್ಕೇ ಹೋಗುತ್ತೆ ಅಂದ ಕ್ಯಾಪ್ಟನ್, ಭಾನುವಾರದ ಸವಾರರ ಗುಂಪಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆ, ವಾರವಿಡೀ ಮಾತ್ರೆ ಮಾರುತ್ತಾನೆ. ಗುಂಪಿನ ನಿಯಮ, ಬೀಳಿಸಿದವರೇ ಎತ್ತಬೇಕು, ಉಳಿದವರು ಸುತ್ತ ನಿಂತು ಹತ್ತು ಎಣಿಸುತ್ತಾರೆ, ಎತ್ತಿದರೆ ಚಪ್ಪಾಳೆ, ಎತ್ತದಿದ್ದರೆ ಎಲ್ಲರಿಗೂ ಟೀ. ಕಳೆದ ವಾರ ಹತ್ತು ಎಣಿಸಿ ಮುಗಿದ ಮೇಲೂ ನಾನು ತಳ್ಳುತ್ತಲೇ ಇದ್ದೆ, ಸಾಕು ಬಿಡಿ ಮೇಡಂ, ಟೀಗೆ ಹೇಳಿ ಅಂತ ನಾಲ್ಕು ಜನ ಸೇರಿ ಎತ್ತಿದರು, ಎತ್ತಿದವರು ಅಲ್ಲೇ ಬಗ್ಗಿ ಟ್ಯಾಂಕಿನ ಮೇಲಿನ ಗೀರನ್ನು ಒಬ್ಬೊಬ್ಬರಾಗಿ ಹೆಬ್ಬೆರಳಲ್ಲಿ ಉಜ್ಜಿ ನೋಡಿದರು, ಛೆ ಛೆ, ಮೂರನೆಯವನು ಎಂಜಲು ಹಚ್ಚಿ ಉಜ್ಜಿದ, ನಾನು ರಸ್ತೆಯ ಮೇಲೆ ಕುಸಿದು ಕೂತಿದ್ದೆ, ಮೊಣಕೈ ತರಚಿತ್ತು, ಯಾರೂ ಕೇಳಲಿಲ್ಲ, ಸುಳ್ಳೇಕೆ, ನಾನೂ ಮೊದಲು ಕೇಳಿದ್ದು ಗೀರು ಆಳವಾಗಿದೆಯಾ ಅಂತಲೇ. ಆದರೂ ಭಾನುವಾರ ಆರಕ್ಕೆ ಎಲ್ಲಿದ್ದೀರಿ ಅಂತ ಮೆಸೇಜು ಬರುತ್ತದೆ, ಎಲ್ಲರಿಗೂ ಒಟ್ಟಿಗೆ ಹಾಕಿದ್ದು, ಗೊತ್ತು, ಆದರೂ ಬರುತ್ತದೆ, ಸ್ಕೂಟರ್ ತಂದರೆ ಅದೂ ಇಲ್ಲ, ಮತ್ತೆ ರೂಮು, ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸುವುದು, ಮಧ್ಯಾಹ್ನ ಮೂರಕ್ಕೆ ಇವತ್ತು ಯಾರ ಜೊತೆಗೂ ಮಾತಾಡಿಲ್ಲ ಅಂತ ಹೊಳೆದು ಗಂಟಲು ಸರಿಮಾಡಿಕೊಂಡು ನೋಡುವುದು, ದನಿ ಇದೆಯಾ ಅಂತ.

ಮೂವತ್ತೆಂಟು, ಬೂಟು ಜಾರಿತು, ವಾಲುತ್ತಿದೆ, ಎಡಕ್ಕೆ, ತಡೆಯಲಾರೆ — ಟ್ಯಾಂಕರಿಗೂ ನನಗೂ ನಡುವೆ ಹಳೆ ಸ್ಕೂಟರೊಂದು ಯಾವಾಗಲೋ ನುಸುಳಿ ನಿಂತಿದೆ, ನಡುವಯಸ್ಸಿನ ಗಂಡ, ಹಿಂದೆ ಹೆಂಡತಿ, ಕಾಲ ಬಳಿ ಎರಡು ಚೀಲ, ಒಂದರಿಂದ ಪೊರಕೆ ಹೊರಗೆ ಇಣುಕುತ್ತಿದೆ, ಹಿಡ್ಕೊಮ್ಮ, ಭುಜ ಹಿಡ್ಕೊ, ನಂದೇನೂ ಸವೆದುಹೋಗಲ್ಲ ಅಂದ ಆತ, ನನ್ನ ಕೈ ಆಗಲೇ ಹಿಡಿದಿತ್ತು. ರೀ, ಗಟ್ಟಿಯಾಗಿ ನಿಂತ್ಕೊಳ್ಳಿ, ಅವಳನ್ನೂ ಬೀಳಿಸಿ ನನ್ನನ್ನೂ ಬೀಳಿಸ್ಬೇಡಿ, ಎಷ್ಟು ಚೆನ್ನಾಗಿದೆಯಮ್ಮ ಗಾಡಿ, ಕುದುರೆ ಥರ, ಇಳಿಸ್ಕೊಳ್ಳೋಕೆ ಮನೇಲಿ ಯಾರಾದ್ರೂ ಇರ್ತಾರಾ? ಇಲ್ಲ ಅಂದೆ. ನನ್ನ ದನಿ ಸರಿಯಾಗಿಯೇ ಬಂತು. ದಿನಕ್ಕೆ ಅರವತ್ತು ತೋಳು ಹಿಡಿಯುತ್ತೇನೆ, ಮುಷ್ಟಿ ಬಿಗಿ ಮಾಡಿ, ಈಗ ಬಿಡಿ ಅನ್ನುತ್ತಾ, ಎಲ್ಲ ತೋಳುಗಳೂ ರಬ್ಬರ್ ಗ್ಲೌಸಿನ ಆಚೆಗೆ, ಇದು ಬೆರಳಿಲ್ಲದ ಗ್ಲೌಸು, ಸ್ಟೈಲಿಗೆ ಅಂತಲೇ ಕೊಂಡದ್ದು, ಬೆರಳ ತುದಿಗೆ ಅಂಗಿಯ ಹೊಲಿಗೆ, ಬೆವರಿನ ಒದ್ದೆ, ಅದರ ಕೆಳಗೆ ಬಿಸಿ, ಮೂಳೆ, ಒಂದು ಭುಜ. ಐದು, ನಾಲ್ಕು, ಹೀಗೆ ನಿಂತದ್ದು ಬಿದ್ದ ಲೆಕ್ಕವಾ ಬೀಳದ ಲೆಕ್ಕವಾ, ಅಕ್ಕ ಕಾಯುತ್ತಿದ್ದಾಳೆ, ಹಸಿರು, ಹಿಂದೆ ಹಾರನ್ನು, ಗೇರು ಹಾಕಲು ಎಡಗೈ ಕ್ಲಚ್ಚಿಗೆ ಬರಬೇಕು, ಹೊರಡ್ತೀಯಾಮ್ಮ ಅಂತ ಆತ ಕೇಳುತ್ತಾನೆ, ಹೂಂ ಅನ್ನುತ್ತೇನೆ, ಎಡಗೈ ಬರಬೇಕು, ಆತ ಕದಲದೆ ನಿಂತಿದ್ದಾನೆ, ಹಾರನ್ನು, ಅಂಗಿ, ಅಂಗಿಯ ಕೆಳಗೆ ಭುಜ, ಭುಜದ ಮೇಲೆ ನನ್ನ ಐದು ಬೆರಳು