ಒಂಬತ್ತನೇ ನಂಬರಿನ ಒಂದೇ ಜೋಡಿ ಶೂ

ಕೆಂಪು ದಾರ, ಮುಂದೆ ಓಡುತ್ತಿರುವವರ ಕ್ಯಾನ್ವಾಸ್ ಶೂವಿನ ಹಿಮ್ಮಡಿಯಿಂದ ಬಿಚ್ಚಿಕೊಂಡ ಒಂದು ಕೆಂಪು ದಾರ, ಹೆಜ್ಜೆ ಎತ್ತಿದಾಗ ಹಾರುತ್ತದೆ, ಇಟ್ಟಾಗ ರಸ್ತೆ ಗುಡಿಸುತ್ತದೆ, ಟಪ್, ಟಪ್, ಈ ಮರುಳಸಿದ್ದಪ್ಪನವರಿಗೆ ಅರವತ್ತೆರಡು ವರ್ಷ, ಚನ್ನಗಿರಿಯ ಯಾವುದೋ ಶಾಲೆಯಲ್ಲಿ ಗಂಟೆ ಹೊಡೆದು ನಿವೃತ್ತರಾದವರು, ಏಳನೇ ಕಿಲೋಮೀಟರಿನಿಂದ ಅವರನ್ನು ದಾಟಲು ನೋಡುತ್ತಿದ್ದೇನೆ, ಆಗುತ್ತಿಲ್ಲ, ಎಡಗಾಲು ಬಿಡುತ್ತಿಲ್ಲ. ಬೆಳಿಗ್ಗೆ ಹೊನ್ನಾಳಿ ಸೇತುವೆಯ ಹತ್ತಿರ ಎದೆಗೆ ನಂಬರು ಚುಚ್ಚಿಕೊಳ್ಳುತ್ತಿದ್ದಾಗ ಅವರು ಬಗ್ಗಿ ನನ್ನ ಕಾಲು ನೋಡಿದ್ದರು, ಏನ್ ತಮ್ಮಾ, ವಿಮಾನ ಇದ್ದಂಗೈತಲ್ಲ ಶೂವು, ಇದು ಓಡ್ತತೋ ಹಾರ್ತತೋ, ಎಲ್ಲರೂ ನಕ್ಕರು, ನಾನೂ ನಕ್ಕೆ, ಅರ್ಧ ನಂದು ಕಣ್ರೀ ಅಂದೆ, ಇನ್ನರ್ಧ ನನ್ನ ಫ್ರೆಂಡ್‌ದು, ಓ ಹಂಗಾದ್ರೆ ಒಂದು ಕಾಲು ನಿಂದು ಒಂದು ಕಾಲು ಅವಂದೋ, ಮತ್ತೆ ನಗು. ನಗುವ ಮಾತೇ ಅದು. ಇಪ್ಪತ್ತೊಂದು ಕಿಲೋಮೀಟರಿನ ಓಟ, ಹಳ್ಳಿ ರಸ್ತೆಗಳಲ್ಲೆಲ್ಲ ಸುತ್ತಾಡಿಸಿ ನ್ಯಾಮತಿಯಲ್ಲಿ ಮುಗಿಯುತ್ತದೆ, ಈಗ ಒಂಬತ್ತು ದಾಟಿತು, ಗದ್ದೆಯ ತಂಪು ಮುಗಿದು ಬಿಸಿಲು ಬೆನ್ನಿಗೆ ಹತ್ತಿದೆ, ಎಡ ಕಣಕಾಲಿನ ಒಳಬದಿಯಲ್ಲಿ ಒಂದು ಕಡೆ, ಒಂದೇ ಕಡೆ, ನಾಲ್ಕಾಣೆಯಷ್ಟು ಜಾಗದಲ್ಲಿ ಯಾರೋ ಬೆರಳಿಟ್ಟು ಒತ್ತುತ್ತಿದ್ದಾರೆ. ಬೆರಳು ಅಂದರೆ ಹೆಬ್ಬೆರಳು. ಬೇಡ, ಅದು ಬೇಡ. ದಾರ ನೋಡು, ಟಪ್, ಟಪ್.

ಒಂದೇ ಜೋಡಿ ಶೂವನ್ನು ಇಬ್ಬರು ಕೊಂಡರೆ ಯಾರಾದರೂ ನಗುತ್ತಾರೆ, ಆದರೆ ನಮಗೆ ನಗು ಬಂದಿರಲಿಲ್ಲ, ಯಾಕೆಂದರೆ ದಾವಣಗೆರೆಯ ಹಾಸ್ಟೆಲಿನಲ್ಲಿ ನಮ್ಮ ರೂಮಿನ ಆರು ಜನಕ್ಕೂ ಇಂಟರ್‌ವ್ಯೂಗೆ ಒಂದೇ ಕಪ್ಪು ಶೂ ಇತ್ತು, ಏಳನೇ ನಂಬರಿನವನು ಮುಂದೆ ಹತ್ತಿ ತುರುಕಿಕೊಳ್ಳುತ್ತಿದ್ದ, ಹತ್ತನೆಯವನು ಹಿಮ್ಮಡಿ ತುಳಿದು ಹಾಕಿಕೊಳ್ಳುತ್ತಿದ್ದ, ನನಗೂ ರುದ್ರಮುನಿಗೂ ಮಾತ್ರ ಸರಿಯಾಗಿ ಕೂರುತ್ತಿತ್ತು, ಒಂಬತ್ತು. ಜಗಳೂರಿನ ಕಡೆಯ ಕಲ್ಲುನೆಲದಲ್ಲಿ ಬರಿಗಾಲಲ್ಲಿ ಬೆಳೆದ ನನ್ನ ಪಾದ, ಕೆರೆಬಿಳಚಿಯ ಅಡಿಕೆ ಮನೆತನದ ಅವನ ಪಾದ, ಅಳತೆ ಒಂದೇ. ಈಗ ನ್ಯಾಮತಿಯಲ್ಲಿ ಕಲ್ಲಮ್ಮನವರ ಮಹಡಿಯ ರೂಮಿನಲ್ಲಿ ಇಬ್ಬರೂ ಬಾಡಿಗೆಗಿದ್ದೇವೆ, ಅವನು ಟ್ಯೂಷನ್ನಿನಲ್ಲಿ ಲೆಕ್ಕ ಹೇಳಿಕೊಡುತ್ತಾನೆ, ನಾನು ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುತ್ತೇನೆ, ಅವನು ಬೆಳಿಗ್ಗೆ ಓಡುತ್ತಾನೆ, ನಾನು ಸಂಜೆ ಓಡುತ್ತೇನೆ, ಶೂ ಒಂದೇ ಸಾಕು ಕಣ್ಲೇ ಅಂದವನು ಅವನೇ, ಅಗ್ಗದ್ದು ಎರಡು ತಗಳಾ ಬದ್ಲು ಒಳ್ಳೇದು ಒಂದು ತಗಳಾಣ. ಬಂತು. ಹೊಸದರಲ್ಲಿ ಅದರ ಮೇಲೆ ನಿಂತರೆ ರಸ್ತೆಯೇ ಮೆತ್ತಗಾದ ಹಾಗೆ. ನನ್ನ ಬೆವರು ಆರುವ ಮೊದಲೇ ಅವನು ಹಾಕಿಕೊಳ್ಳುತ್ತಿದ್ದ, ಅವನ ಬಿಸಿ ಆರುವ ಮೊದಲೇ ನಾನು, ನಮ್ಮ ಕಾಲಿಗೆ ವಿಶ್ರಾಂತಿ ಬೇಕು ಅಂತ ಪುಟಗಟ್ಟಲೆ ಓದಿ ಗೋಡೆಗೆ ಅಂಟಿಸಿದ್ದೆವು, ಸೋಮವಾರ ರಜೆ, ಬುಧವಾರ ಹಗುರ, ಭಾನುವಾರ ದೂರದ ಓಟ, ನಿದ್ದೆ ಎಂಟು ಗಂಟೆ, ಶೂವಿಗೆ ಒಂದು ದಿನವೂ ರಜೆ ಬರೆದಿರಲಿಲ್ಲ. ನನ್ನ ರಜೆಯೂ ರಜೆಯಲ್ಲ, ಸೋಮವಾರ ಮೀಟರ್ ಓದುತ್ತಾ ಹತ್ತು ಕಿಲೋಮೀಟರ್ ನಡೆಯುತ್ತೇನೆ, ಸಂಜೆ ಹರಳೆಣ್ಣೆ ಕಾಯಿಸಿ ಕಾಲಿಗೆ ತಿಕ್ಕಿಕೊಳ್ಳುವಾಗ ಕಲ್ಲಮ್ಮ ಮೆಟ್ಟಿಲಲ್ಲಿ ನಿಂತು, ಯಾರ್ ಅಟ್ಟಿಸ್ಕೆಂಡ್ ಬರ್ತಾರೆ ಅಂತ ಓಡ್ತೀರೋ ಇಬ್ಬರೂ, ಓಡೋದು ಯಾಕೆ, ಕಾಲು ತಿಕ್ಕಳೋದು ಯಾಕೆ, ಸುಮ್ನೆ ಕುಂತ್ರೆ ಎರಡೂ ಉಳೀತಾವಲ್ಲ.

ಹತ್ತನೇ ಕಿಲೋಮೀಟರ್. ಜೇಬಿನ ಬೆಲ್ಲದ ಚೂರು ಬಾಯಿಗೆ, ಓಟದವರು ಶಕ್ತಿಗೆ ಅಂತ ಹೀರುವ ಜೆಲ್ಲು ನನಗೆ ವಾಕರಿಕೆ, ಬೆಲ್ಲವೇ ಸರಿ, ಶೇಂಗಾ ಹಾಕಿದ್ದರೆ ಬಾಯಿ ಒಣಗುತ್ತಿತ್ತು. ಕಾಲು. ಎಡಗಾಲು ಇಟ್ಟಾಗ ಒಳಕ್ಕೆ ವಾಲುತ್ತದೆ, ವಾಲುವುದು ನಾನಲ್ಲ, ಶೂ. ಗೊತ್ತು. ನನಗೆ ಎಂಟು ವಾರದಿಂದ ಗೊತ್ತು. ಐನೂರು ಕಿಲೋಮೀಟರಿಗೆ ಇದು ಸಾಯ್ತತೆ ಕಣ್ಲೇ ಅಂತ ರುದ್ರಮುನಿಯೇ ಎಲ್ಲೋ ನೋಡಿ ಹೇಳಿದ್ದ, ಅವನ ಫೋನಿನಲ್ಲಿ ಅವನ ಓಟ ನಾನೂರ ಅರವತ್ತು, ಇನ್ನೂ ಜೀವ ಐತೆ ಬಿಡು ಅಂದ, ನನ್ನ ಫೋನಿನಲ್ಲಿ ನನ್ನ ಓಟ ನಾನೂರ ತೊಂಬತ್ತು, ಲೆಕ್ಕದ ಮೇಷ್ಟ್ರು ಎರಡನ್ನು ಕೂಡಲಿಲ್ಲ, ನಾನು ದಿನವಿಡೀ ಅಂಕಿ ಓದುವವನು, ನಾನು ಕೂಡಿದೆ. ಕೂಡಿ, ಮಧ್ಯಾಹ್ನ ಊಟಕ್ಕೆ ಬಂದವನು ಕಿಟಕಿಯಲ್ಲಿ ಒಣಗಲು ಇಟ್ಟಿದ್ದ ಎಡ ಶೂವನ್ನು ಕೈಗೆ ತಗೊಂಡು ಅಟ್ಟೆಯ ಒಳಬದಿಯ ಫೋಮಿಗೆ ಹೆಬ್ಬೆರಳು ಒತ್ತಿದೆ, ಹೊಸದರಲ್ಲಿ ಬೆರಳು ತೆಗೆದ ಕೂಡಲೇ ಪುಟಿಯುತ್ತಿತ್ತು, ಈಗ ತಗ್ಗು ಬಿತ್ತು, ಬೆರಳು ತೆಗೆದೆ, ತಗ್ಗು ಹಾಗೇ ಇತ್ತು, ಹತ್ತು ಎಣಿಸಿದೆ, ಹಾಗೇ ಇತ್ತು, ನನ್ನ ಉಗುರಿನ ಗುರುತು ಸಮೇತ. ಶೂವನ್ನು ಅದೇ ಜಾಗದಲ್ಲಿ ಇಟ್ಟೆ, ತಗ್ಗು ಗೋಡೆಯ ಕಡೆ ಬರುವ ಹಾಗೆ. ಆ ಸಂಜೆ ಹೇಳಿದೆ, ಇನ್ಮೇಲೆ ನೀನೇ ಹಾಕ್ಕಳೋ, ನನಗೆ ನನ್ನ ಹಳೇವೇ ಒಗ್ಗಿದಾವೆ, ರೇಸ್ ಹತ್ರ ಬಂತು, ನಿನ್ನ ಟೈಮು ಚೆನ್ನಾಗೈತೆ. ಅವನ ಕಣ್ಣಲ್ಲಿ ನೀರು ಬಂತು, ನೀರು ಅಂದರೆ ನೀರೇ, ನೀನು ನನ್ನ ಅಣ್ತಮ್ಮ ಇದ್ದಂಗೆ ದುರುಗ ಅಂದ, ಕಲ್ಲಮ್ಮ ಕೇಳಿಸಿಕೊಂಡು ಓಣಿಗೆಲ್ಲ ಹೇಳಿದರು, ಗೆಳೆತನ ಅಂದ್ರೆ ಹಂಗಿರಬೇಕು ನೋಡ್ರಿ, ಕಾಲಾಗಿಂದು ಬಿಚ್ಚಿ ಕೊಟ್ಟಾನೆ.

ಕಾಲಾಗಿಂದು ಬಿಚ್ಚಿ ಕೊಟ್ಟೆ. ಯಾಕೆ ಹೇಳಲಿಲ್ಲ, ಸತ್ತಿದೆ ಕಣೋ ಎಸಿ ಅನ್ನಲು ಎಷ್ಟು ಹೊತ್ತು ಬೇಕಿತ್ತು. ಎರಡು ನಿಮಿಷ, ಅಷ್ಟೇ ಕಾರಣ, ಇಪ್ಪತ್ತೊಂದಕ್ಕೆ ಅವನು ನನಗಿಂತ ಎರಡು ನಿಮಿಷ ಮುಂದಿದ್ದ, ಯಾವಾಗಲೂ ಎರಡು ನಿಮಿಷ, ನಾನು ಎಷ್ಟು ಬೇಗ ಎದ್ದರೂ, ಎಷ್ಟು ಹರಳೆಣ್ಣೆ ತಿಕ್ಕಿದರೂ. ಸತ್ತ ಶೂವಿನಲ್ಲಿ ನಿಧಾನವಾಗುತ್ತಾನೆ ಅಂದುಕೊಂಡೆ. ನಿಧಾನವಾದ. ನನ್ನ ವಾಚಿನಲ್ಲಿ ಹೋಲಿಸಿ ನೋಡಿದೆ, ಖುಷಿಯಾಯಿತು, ಸುಳ್ಳು ಯಾಕೆ. ಅವನ ಮೂಳೆ ಬಿರಿಯಲಿ ಅಂತ ಬಯಸಿರಲಿಲ್ಲ, ಎರಡು ನಿಮಿಷ ಬಯಸಿದ್ದೆ. ಐದನೇ ಭಾನುವಾರ ಅವನು ಕುಂಟುತ್ತಾ ಬಂದು ಮೆಟ್ಟಿಲಲ್ಲಿ ಕೂತ, ಏನೋ ಒಂಥರಾ ಚಳಕು ಹೊಡೀತೈತೆ ಕಣ್ಲೇ, ಆರನೇ ಭಾನುವಾರವೂ ಓಡಿದ, ನಾನು ಬೇಡ ಅನ್ನಲಿಲ್ಲ, ಸೋಮವಾರ ಶಿವಮೊಗ್ಗದಲ್ಲಿ ಡಾಕ್ಟರು ಫೋಟೋ ತೋರಿಸಿದರು, ಎಡ ಕಣಕಾಲಿನ ಮೂಳೆಯಲ್ಲಿ ಕೂದಲೆಳೆಯಂಥ ಗೆರೆ, ಆರು ವಾರ ನೆಲಕ್ಕೆ ಕಾಲು ಊರಬೇಡಿ. ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ನನ್ನನ್ನೇ ಸಮಾಧಾನ ಮಾಡಿದ, ನೀನ್ಯಾಕಲೇ ಮುಖ ಹಂಗೆ ಮಾಡ್ಕಂಡೀಯ, ನಂದೇ ತಪ್ಪು, ರೆಸ್ಟ್ ತಗಳಲಿಲ್ಲ. ಮೊನ್ನೆ ಶುಕ್ರವಾರ ಪ್ಲಾಸ್ಟರ್ ಕಾಲು ಚಾಚಿಕೊಂಡು ಜಗಲಿಯಲ್ಲಿ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ಶೂ ಉಜ್ಜಿದ, ಲೇಸು ಬಿಚ್ಚಿ ಸೋಪಿನಲ್ಲಿ ನೆನೆಸಿದ, ಹೊಸದರ ಹಾಗೆ ಮಾಡಿ ನನ್ನ ಮುಂದೆ ಹಿಡಿದ, ನಾನಂತೂ ಓಡಾಕಾಗಲ್ಲ, ನನ್ನ ಅರ್ಧನಾದ್ರೂ ಓಡ್ಲಿ, ಇದ್ನೇ ಹಾಕ್ಕಂಡು ಓಡ್ಬೇಕು ನೀನು. ಬೇಡ ಅನ್ನಬೇಕಾದರೆ ಯಾಕೆ ಬೇಡ ಅಂತ ಹೇಳಬೇಕು. ಹಾಕಿಕೊಂಡೆ.

ಹನ್ನೊಂದೂವರೆ ಕಿಲೋಮೀಟರ್, ಮರುಳಸಿದ್ದಪ್ಪನವರು ತಿರುಗಿ ನೋಡುತ್ತಾರೆ, ಕಾಲು ಎಳೀತೀಯಲ್ಲ ತಮ್ಮಾ, ಏನಾತು, ಏನಿಲ್ರೀ, ಏನಿಲ್ಲ ಅನ್ನಬ್ಯಾಡ, ಕಾಲು ಸುಳ್ಳು ಹೇಳಲ್ಲ, ಕುಂದ್ರಂಗಿದ್ರೆ ಕುಂದ್ರು, ಹೋಗುತ್ತಾರೆ, ದಾರ ಹೋಗುತ್ತದೆ, ಈಗ ನನ್ನ ಹೆಜ್ಜೆಯದ್ದೇ ಸದ್ದು, ಬಲಗಾಲಿನದು ಒಂದು ಥರ, ಎಡಗಾಲಿನದು ಒಂದು ಥರ, ಹೆಜ್ಜೆಗೊಂದು ಸಲ ಆ ಹೆಬ್ಬೆರಳು. ಇನ್ನು ಒಂಬತ್ತೂವರೆ ಕಿಲೋಮೀಟರ್ ಅಂದರೆ ಎಷ್ಟು ಸಲ, ಎಣಿಸಬೇಡ. ಎಳೆದುಕೊಂಡೇ ಮುಗಿಸಬಹುದು, ಮುಗಿಸಿ ನಾನೂ ಪ್ಲಾಸ್ಟರ್ ಹಾಕಿಸಿಕೊಂಡರೆ ಇಬ್ಬರದೂ ಸಮ, ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ, ಕಲ್ಲಮ್ಮ ಇಬ್ಬರಿಗೂ ಗಂಜಿ ಕೊಡುತ್ತಾರೆ, ಇಬ್ಬರಿಗೂ ಅದೃಷ್ಟ ಸರಿಯಿರಲಿಲ್ಲ ಅನ್ನುತ್ತಾರೆ. ಅಗ್ಗದ ಯೋಚನೆ. ಮೂಳೆ ಕೊಟ್ಟು ಮಾತು ಉಳಿಸಿಕೊಳ್ಳುವುದು. ಗೋವಿನಕೋವಿ ಹತ್ತಿರ ಬಂತು, ನೀಲಿ ಶಾಮಿಯಾನ, ಟೇಬಲ್ಲು, ಲೋಟಗಳ ಸಾಲು, ಪ್ಲಾಸ್ಟಿಕ್ ಕುರ್ಚಿಯಲ್ಲಿ ರುದ್ರಮುನಿ, ಬಿಳಿ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು ಊರುಗೋಲು ಎತ್ತಿ ಬೀಸುತ್ತಿದ್ದಾನೆ, ಬಾರೋ ದುರುಗ, ಬಾರಲೇ, ಟೈಮು ಭಾಳ ಚೆನ್ನಾಗೈತೆ, ಮಜ್ಜಿಗೆ ಕುಡ್ದು ಓಡು, ಉಪ್ಪು ಹಾಕೀನಿ, ನಿಲ್ಲಬ್ಯಾಡ.

ನಿಂತೆ. ಹುಚ್ಚೇನಲೇ ಓಡೋ ಅಂತಿದ್ದಾನೆ, ನಾನು ನೆಲಕ್ಕೆ ಕೂತಿದ್ದೇನೆ, ಅವನೇ ತೊಳೆದು ಪೋಣಿಸಿದ ಲೇಸು, ಬೆವರಿಗೆ ಗಂಟು ಬಿಗಿದಿದೆ, ಬಿಚ್ಚುತ್ತಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದೆ, ಎಡ ಶೂ ತೆಗೆದು ಅವನ ತೊಡೆಯ ಮೇಲಿಟ್ಟೆ, ಒತ್ತು ಅಂದೆ, ಎಲ್ಲಿ, ಇಲ್ಲಿ ಒಳಬದಿಗೆ, ಹೆಬ್ಬೆರಳಲ್ಲಿ ಒತ್ತು. ನಗುತ್ತಲೇ ಒತ್ತಿದ. ಬೆರಳು ತೆಗೆದ. ನೋಡಿದ. ನಿಂದು ನಾನೂರ ಅರವತ್ತು, ನಂದು ನಾನೂರ ತೊಂಬತ್ತು, ಕೂಡು ಅಂದೆ. ಅವನು ಕೂಡಿದ್ದು ಮುಖದಲ್ಲಿ ಕಾಣಿಸಿತು, ನಗು ಇನ್ನೂ ಅಲ್ಲೇ ಇತ್ತು, ಇಳಿಯುವುದು ಗೊತ್ತಾಗದೆ ನಿಂತ ಹಾಗೆ, ಯಾವಾಗಿಂದ ಗೊತ್ತಿತ್ತು ನಿನಗೆ ಅಂದ, ನೀನೇ ಹಾಕ್ಕಳೋ ಅಂದ ದಿನದಿಂದ, ಅಂದೆ. ಯಾರೋ ಲೋಟ ಕೇಳಿದರು, ಯಾರೋ ನನ್ನನ್ನು ದಾಟಿ ಓಡಿದರು. ಅವನು ಶೂವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾನೆ, ನಾನು ಅವನ ಮುಖ ನೋಡಲಾರದೆ ಅದನ್ನೇ ನೋಡುತ್ತಿದ್ದೇನೆ, ಬಿಳಿ ಫೋಮು, ಅದರಲ್ಲಿ ಅವನ ಹೆಬ್ಬೆರಳಿನ ತಗ್ಗು, ಹತ್ತು ಎಣಿಸಿದೆ, ಇಪ್ಪತ್ತು, ಉಗುರಿನ ಗೆರೆ ಸಮೇತ, ತಗ್ಗು ಹಾಗೇ ಇದೆ.