ಬಾಗಿಲಿಗೆ ತಾಗಿ ಹೋಗುವ ಗೆರೆ

ನನಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಹೊಲಿಗೆ ಮೆಷಿನ್ನಿನ ಮುಂದೆ ಕೂತರೂ ಕಾಲು ಓಡುತ್ತಲೇ ಇರುತ್ತದಲ್ಲ, ಅದಕ್ಕೇ ಈ ಕೆಲಸ ನನಗೆ ಒಗ್ಗಿದ್ದು. ಅಂಥವಳಿಗೆ, ಯಜಮಾನರಿಗೆ ಸ್ಟ್ರೋಕ್ ಆದಮೇಲೆ, ಒಂದೊಂದು ಮಾತಿಗೂ ಕಾದು ಕೂರುವ ಗತಿ ಬಂತು. ಅವರು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಕೈಕಾಲು ಸರಿಹೋದವು, ಮನೆಮಾತೂ ಮೆಲ್ಲಗೆ ತಿರುಗಿ ಬಂತು. ಎಂಥ ಕಠಿಣ ಲೆಕ್ಕ ಕೊಟ್ಟರೂ ಬಿಡಿಸಿಡುತ್ತಿದ್ದರು. ಲೆಕ್ಕದ ಪದಗಳು ಮಾತ್ರ ಹೋಗಿಬಿಟ್ಟಿದ್ದವು. ಗೆರೆ ಎಳೆಯುತ್ತಾರೆ, ಅದರ ಹೆಸರು ಕೇಳಿದರೆ ಬಾಯಿ ತೆರೆದು, ಮುಚ್ಚಿ, ಕಿಟಕಿಯ ಕಡೆ ನೋಡುತ್ತಾರೆ.

ಶಾಲೆಯ ಹೆಡ್ ಮೇಡಂ ಒಳ್ಳೆಯವರೇ, ಆದರೆ ದಾಕ್ಷಿಣ್ಯದವರಲ್ಲ. ಒಂದು ಪಾಠ ಮಾಡಿ ತೋರಿಸಲಿ, ಆಗದಿದ್ದರೆ ಲೈಬ್ರರಿಯಲ್ಲಿ ಕೂರಲಿ ಎಂದರು. ಬೋರ್ಡಿನ ಮುಂದೆ ನಿಂತಾಗಲೇ ಜೀವ ಬರುವ ಮನುಷ್ಯ ಇವರು. ಆ ಬೀರುಗಳ ನಡುವೆ ಕೂರಿಸಿದರೆ ಇದ್ದ ಮಾತೂ ಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಅವರ ಪಠ್ಯಪುಸ್ತಕ ಹಿಡಿದು ನಾನೇ ಹೇಳಿಕೊಡಲು ಕೂತೆ. ಲೆಕ್ಕವೆಂದರೆ ನನಗೆ ಅಳತೆಯ ಟೇಪಿನಷ್ಟೇ. ಹೇಳಿಕೊಟ್ಟ ಪದವನ್ನು ಗಿಳಿಯ ಹಾಗೆ ಹೇಳುತ್ತಿದ್ದರು, ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅದು ಮಾಯ. ನನಗೆ ತಲೆ ಚಿಟ್ಟುಹಿಡಿಯಿತು. ಒಂದು ದಿನ ಅಕ್ಕಪಕ್ಕದ ಎರಡು ಗೆರೆಗಳ ಚಿತ್ರ ತೋರಿಸಿ ರೇಗಿದೆ: “ಇದು ನಾನು, ಅದು ನಿಮ್ಮಮ್ಮ. ಅಷ್ಟು ವರ್ಷ ಒಂದೇ ಮನೇಲಿ ಪಕ್ಕಪಕ್ಕದಲ್ಲೇ ಇದ್ವಿ, ಒಂದಿನಾನೂ ಕೂಡಿ ಬರ್ಲಿಲ್ಲ.”

ಅವರಿಗೆ ನಗು ಬಂತು. ನಗುವಿನ ಜೊತೆಗೇ ‘ಸಮಾಂತರ’ ಎಂದರು. ಮಾರನೆಯ ದಿನವೂ ಆ ಪದ ಹೋಗಿರಲಿಲ್ಲ.

ನಮಗೆ ದಾರಿ ಸಿಕ್ಕಿತು. ಹೇಳಿಕೊಟ್ಟ ಪದ ನಿಲ್ಲುವುದಿಲ್ಲ, ಕಣ್ಣೆದುರಿನ ವಸ್ತುವಿನಲ್ಲಿ ತಾವೇ ಕಂಡುಹಿಡಿದದ್ದು ಉಳಿಯುತ್ತದೆ. ಬಟ್ಟೆ ಕತ್ತರಿಸಿ ಮಿಕ್ಕ ಚೂರು ನೋಡಿ ಶೇಷ ಬಂತು, ಸೈಕಲ್ ಚಕ್ರದ ಕಡ್ಡಿ ನೋಡಿ ತ್ರಿಜ್ಯ ಬಂತು. ಪುಸ್ತಕದಲ್ಲಿ ಚರಾಕ್ಷರ, ಸ್ಥಿರಾಂಕ ಎಂಬ ಎರಡು ಪದಗಳಿದ್ದವು. ಸಂದರ್ಭ ನೋಡಿ ಬದಲಾಗುವುದು, ಉದಾಹರಣೆಗೆ ನನ್ನ ಸಿಟ್ಟು, ಇವೆರಡರಲ್ಲಿ ಯಾವುದು ಎಂದು ಕೇಳಿದೆ. ಅವರು ಸ್ಥಿರಾಂಕದ ಮೇಲೆ ಬೆರಳಿಟ್ಟರು. ಮೀಸೆಯಡಿಯ ನಗು ನೋಡಿ, ಇದು ತಪ್ಪಲ್ಲ, ತುಂಟತನ ಎಂದು ಗೊತ್ತಾಯಿತು.

ವೃತ್ತಕ್ಕೆ ಒಂದೇ ಕಡೆ ತಾಗಿ ಹಾಗೇ ಹೋಗುವ ಗೆರೆಗೆ ಏನು ತೋರಿಸುವುದು ಎಂದು ಯೋಚಿಸುತ್ತಿದ್ದಾಗ ನನ್ನ ನಾದಿನಿ ಬಂದಳು. ಇವರ ಒಬ್ಬಳೇ ತಂಗಿ, ಬಸ್ ಕಂಡಕ್ಟರ್. ಅಣ್ಣ ಹಾಸಿಗೆ ಹಿಡಿದಂದಿನಿಂದ ದಿನಾ ಸಂಜೆ ಬಂದು ಬಾಗಿಲ ಚೌಕಟ್ಟಿಗೆ ಕೈಯೂರಿ ಹೇಗಿದ್ದಾನೆ ಎಂದು ಕೇಳುವುದು, ಉತ್ತರ ಪೂರ್ತಿಯಾಗುವ ಮೊದಲೇ ಹೊರಟುಹೋಗುವುದು. ಒಳಗೆ ಕಾಲಿಟ್ಟವಳಲ್ಲ. ಅವಳ ಬಿಂಕ ಕಂಡರೆ ನನಗೆ ಮೈ ಉರಿಯುತ್ತಿತ್ತು. ಅವಳ ಬೆನ್ನು ತೋರಿಸಿ, ನೋಡಿ ನಿಮ್ಮ ಗೆರೆ ಹೋಯ್ತು ಎಂದೆ. ಅವರು ‘ಸ್ಪರ್ಶಕ’ ಎಂದರು, ಆದರೆ ನಗಲಿಲ್ಲ.

ಪಾಠದ ದಿನ ನಾನು ಶಾಲೆಯ ವರಾಂಡದಲ್ಲಿ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಅತ್ತಿಂದಿತ್ತ ತಿರುಗುತ್ತಿದ್ದೆ. ಒಳಗೆ ವೃತ್ತ ಬರೆದರು, ತಾಗುವ ಗೆರೆ ಎಳೆದರು. ಸೀಮೆಸುಣ್ಣ ಗೆರೆಯ ಮೇಲೇ ನಿಂತಿತು, ಮನೆಯಲ್ಲಿ ಉಳಿದಿದ್ದ ಹೆಸರು ಅಷ್ಟು ಜನರ ಎದುರು ಬಾಯಿಗೆ ಬರಲಿಲ್ಲ. ಕಿಟಕಿಯಿಂದ ಕೂಗಿಬಿಡೋಣ ಅನ್ನಿಸಿತು, ತುಟಿ ಕಚ್ಚಿಕೊಂಡೆ.

“ಇದು... ನನ್ನ ತಂಗಿ,” ಎಂದರು.

ತರಗತಿ ಗೊಳ್ಳೆಂದಿತು. ನಾದಿನಿಯ ಮಗಳೂ ಅದೇ ತರಗತಿಯಲ್ಲಿದ್ದಳು, ತಲೆ ತಗ್ಗಿಸಿದಳು. ಇವರು ಬೆದರಲಿಲ್ಲ. ತಂಗಿ ಬರುತ್ತಾಳೆ, ಬಾಗಿಲು ಮುಟ್ಟುತ್ತಾಳೆ, ಒಳಗೆ ಬರುವುದಿಲ್ಲ, ಹೋಗುತ್ತಾಳೆ ಎಂದು ತಡೆದು ತಡೆದು ಹೇಳಿದರು. ನಗು ನಿಂತಿತು. ಯಾರೋ ಹಿಂದಿನಿಂದ ‘ಸ್ಪರ್ಶಕ, ಸಾರ್’ ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಆದರೆ ಹೆಡ್ ಮೇಡಂ ಹೊರಗೆ ಬಂದು, “ಮಕ್ಕಳಿಗೆ ಅರ್ಥ ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಪದ ಹೇಳಿದ್ದು ಮಕ್ಕಳು, ಮೇಷ್ಟ್ರಲ್ಲ. ನಾಳೆ ಮುಂದಿನ ಪಾಠ ಮಾಡ್ಲಿ. ಅದರ ಪದ ಅವರ ಬಾಯಿಂದಾನೇ ಬರ್ಬೇಕು,” ಎಂದರು. ಅದು ನ್ಯಾಯವೇ ಎಂದು ನನಗೂ ಅನ್ನಿಸಿತು.

ಮುಂದಿನ ಪಾಠ, ವೃತ್ತದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳುವ ಗೆರೆಯದು. ಮನೆಗೆ ಬಂದವಳೇ ಗುಂಡಿಯಲ್ಲಿ ಸೂಜಿ ತೂರಿಸಿ ತೋರಿಸಿದೆ. ‘ಸೂಜಿ’ ಎಂದರು. ಕತ್ತರಿಯಿಂದ ಬಟ್ಟೆ ಸೀಳಿದೆ. ‘ಕತ್ತರಿ’ ಎಂದರು. ಕೊನೆಗೆ ಪದವನ್ನೇ ಹೇಳಿಕೊಟ್ಟೆ, ಕ್ಷಣದಲ್ಲಿ ಮರೆತರು. ಇನ್ನು ಲೈಬ್ರರಿಯೇ ಗತಿ ಎಂದುಕೊಂಡು ಒಬ್ಬ ಗಿರಾಕಿಯ ಹೊಸ ಅಂಗಿಗೆ ಅಡ್ಡಾದಿಡ್ಡಿ ಹೊಲಿಗೆ ಹಾಕಿದೆ.

ಆಗ ನಾದಿನಿ ಬಂದಳು. ಚೌಕಟ್ಟು ಮುಟ್ಟಲಿಲ್ಲ, ಸೀದಾ ಒಳನುಗ್ಗಿದಳು. ಭುಜದಲ್ಲಿ ಟಿಕೆಟ್ ಚೀಲ ಹಾಗೇ ಇತ್ತು. ಇಡೀ ಶಾಲೆಯಲ್ಲಿ ತನ್ನ ಮಾನ ಹರಾಜಾಯಿತು, ಮಗಳು ಅಳುತ್ತಾ ಮನೆಗೆ ಬಂದಳು ಎಂದು ನನ್ನ ಮೇಲೆ ಹರಿಹಾಯ್ದಳು. ನಾನೂ ಸೆಟೆದು ನಿಂತೆ. ಅಷ್ಟರಲ್ಲಿ ಅವಳ ಕಣ್ಣು ಅಣ್ಣನ ಮೇಲೆ ಬಿತ್ತು. ಅವರು ಏನೋ ಹೇಳಲು ಬಾಯಿ ತೆರೆದು ಪದಕ್ಕಾಗಿ ತಡಕಾಡುತ್ತಿದ್ದರು. ಅವಳ ಬಯ್ಗುಳ ಅರ್ಧಕ್ಕೇ ನಿಂತಿತು.

“ಇದನ್ನ ನೋಡೋಕಾಗದೇನೇ ಅತ್ತಿಗೆ, ನಾನು ಒಳಗೆ ಬರ್ತಾ ಇರ್ಲಿಲ್ಲ,” ಎಂದವಳು ಮುಖ ಮುಚ್ಚಿಕೊಂಡು ನಮ್ಮಿಬ್ಬರ ನಡುವೆಯೇ ಹಾದು ಹಿಂಬಾಗಿಲಿನಿಂದ ಹೊರಗೋಡಿದಳು. ನಲ್ಲಿಯ ಹತ್ತಿರ ಬಿಕ್ಕುವ ಸದ್ದು ಕೇಳಿಸಿತು. ಅದು ಅವಳ ಬಿಂಕ ಎಂದು ನಾನು ಹಾಕಿದ್ದ ಲೆಕ್ಕವೆಲ್ಲ ತಲೆಕೆಳಗಾಯಿತು.

ಯಜಮಾನರು ಮುಂಬಾಗಿಲು ನೋಡಿದರು, ಹಿಂಬಾಗಿಲು ನೋಡಿದರು. ಬೆರಳು ಗಾಳಿಯಲ್ಲಿ ಒಂದು ಗೆರೆ ಎಳೆಯಿತು.

“ಛೇದಕ,” ಎಂದರು.

ಪದ ನಿಲ್ಲುತ್ತದೋ ನೋಡೋಣವೆಂದು ನಾನು ಅಡುಗೆಮನೆಗೆ ಹೋಗಿ, ಬೇಕೆಂದೇ ನೀರು ಕುಡಿದು, ತಿರುಗಿ ಬಂದೆ. ಅವರು ಹಿಂಬಾಗಿಲಿನಲ್ಲಿ ನಿಂತು ತಂಗಿಯ ತಲೆ ಸವರುತ್ತಾ ‘ಛೇದಕ, ಛೇದಕ’ ಎನ್ನುತ್ತಿದ್ದರು. ಅವಳು ಮೂಗೊರೆಸಿಕೊಂಡು, ಇನ್ನೂ ಯಾಕೆ ನನ್ನ ಬಯ್ತಿದಾನೆ ಎಂದು ಕೇಳಿದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವಳ ಭುಜದ ಚೀಲ ಇಳಿಸಿ, ಒಳಗೆ ಕರೆದು ಕೂರಿಸಿದೆ.